ಆಗಬೋಟು ನಿಲ್ಲುತ್ತಿದ್ದ ಊರು: ವಿಜಯದುರ್ಗ

ಮುಂಬಯಿಯ ಭಾವೂಚಾ ಧಕ್ಕೆಯಿಂದ ಪಣಜಿಗೆ ಹೋಗುತ್ತಿದ್ದ ಆಗಬೋಟು ದಾರಿಯಲ್ಲಿ ಮುಟ್ಟುತ್ತಿದ್ದ ಸಣ್ಣ ಬಂದರುಗಳಲ್ಲಿ ವಿಜಯದುರ್ಗವೂ ಒಂದು. ನಮ್ಮ ಕರಾವಳಿಯ ಹಿರಿಯರಲ್ಲಿ ಅನೇಕರು ಹೊಟ್ಟೆಪಾಡಿಗಾಗಿ ಇದೇ ಸಮುದ್ರದ ಹಾದಿಯಲ್ಲಿ ಮುಂಬಯಿ ಸೇರಿದವರು. 1980ರ ದಶಕದ ಕೊನೆಗೆ ಪಣಜಿಯ ಆಗಬೋಟು ನಿಂತುಹೋಯಿತು. ನಾವು ರೈಲು, ಬಸ್ಸು ಹಿಡಿದೇ ವಿಜಯದುರ್ಗ ಮುಟ್ಟಬೇಕಾಯಿತು.

ವಾಘೋಟನ್ ಹೊಳೆ ಸಮುದ್ರ ಸೇರುವಲ್ಲಿ ಊರಿದೆ. ಮೀನಿನ ದೋಣಿಗಳು, ಹೆಂಚಿನ ಮನೆಗಳು, ಅವುಗಳ ತಲೆಯ ಮೇಲೆ ಎದ್ದು ನಿಂತ ಕೋಟೆ. ಮೊದಲು ಈ ಕೋಟೆಯನ್ನು ಕಟ್ಟಿಸಿದವನು ಶಿಲಾಹಾರರ ಎರಡನೆಯ ಭೋಜನೆಂದು ಹೇಳುತ್ತಾರೆ. ಕೊಲ್ಲಾಪುರದ ಶಿಲಾಹಾರರು ಕನ್ನಡದಲ್ಲಿಯೂ ಶಾಸನ ಬರೆಸಿದವರೆಂಬುದನ್ನು ನಮ್ಮ ಓದುಗರು ಮರೆಯಬಾರದು. ಮುಂದೆ ಇದು ವಿಜಾಪುರದ ಆದಿಲಶಾಹಿಯ ಕೈಗೆ ಬಂದು, 1653ರಲ್ಲಿ ಶಿವಾಜಿಯ ವಶವಾಯಿತು. ವಿಜಯದುರ್ಗವೆಂಬ ಹೆಸರು ಆಗಿನದು. ಅನಂತರ ಕಾನ್ಹೋಜಿ ಆಂಗ್ರೆಯ ನೌಕಾಬಲಕ್ಕೆ ಇದೇ ನೆಲೆ. 1756ರ ಫೆಬ್ರವರಿಯಲ್ಲಿ ವಾಟ್ಸನ್ ಮತ್ತು ಕ್ಲೈವ್ ಸಮುದ್ರದ ಕಡೆಯಿಂದ ಗುಂಡು ಸುರಿಸಿದಾಗ ತುಳಾಜಿ ಆಂಗ್ರೆಯ ಒಂದು ಹಡಗಿಗೆ ಹೊತ್ತಿಕೊಂಡ ಬೆಂಕಿ ಹಬ್ಬಿ, ಇಡೀ ನೌಕಾಪಡೆಯೇ ಸುಟ್ಟುಹೋಯಿತು. ಆ ಯುದ್ಧದಲ್ಲಿ ಪೇಶ್ವೆಯು ಇಂಗ್ಲಿಷರ ಮಿತ್ರ! ಒಬ್ಬ ಮರಾಠಾ ಸರದಾರನನ್ನು ಅಡಗಿಸಲು ಇನ್ನೊಬ್ಬ ಮರಾಠಾ ಪ್ರಭು ಪರದೇಶಿಯನ್ನು ಕರೆದದ್ದು ಎಷ್ಟು ದುಬಾರಿಯಾಯಿತೆಂಬುದು 1818ರಲ್ಲಿ ಎಲ್ಲರಿಗೂ ತಿಳಿಯಿತು.

ಆದರೆ ನಾವು ಅಲ್ಲಿಗೆ ಹೋದದ್ದು ಆಂಗ್ರೆಯ ತೋಪು ನೋಡಲು ಅಲ್ಲ. ಕೋಟೆಯೊಳಗೆ ‘ಸಾಹೇಬಾಚೇ ಕಟ್ಟೆ’ ಎಂದು ಕರೆಯುವ ಕಲ್ಲಿನ ಕಟ್ಟೆಗಳಿವೆ (ಕಟ್ಟೆ ಎಂಬ ಮಾತು ಮರಾಠಿಗೂ ನಮಗೂ ಒಂದೇ). ನಾರ್ಮನ್ ಲಾಕಿಯರ್ ಎಂಬ ಸಾಹೇಬನು 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ದಿನ ಇಲ್ಲಿ ದುರ್ಬೀನು ಹೂಡಿ ಹೀಲಿಯಂ ಕಂಡುಹಿಡಿದನೆಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಆಗಸ್ಟ್ 18ರಂದು ಹೀಲಿಯಂ ದಿನವನ್ನು ಆಚರಿಸುವುದೂ ಉಂಟು. ಪತ್ರಿಕೆಗಳಲ್ಲಿಯೂ ಹೀಗೆಯೇ ಬರುತ್ತದೆ. ಹೆಮ್ಮೆ ನ್ಯಾಯವಾದದ್ದೇ, ಲೆಕ್ಕ ಮಾತ್ರ ಮೂವತ್ತು ವರ್ಷ ತಪ್ಪಿದೆ.

1868ರ ಗ್ರಹಣದ ಸಮಯದಲ್ಲಿ ಲಾಕಿಯರ್ ಭಾರತದಲ್ಲಿಯೇ ಇರಲಿಲ್ಲ. ಆತನಾಗ ಲಂಡನ್ನಿನ ಯುದ್ಧ ಖಾತೆಯ ಕಚೇರಿಯಲ್ಲಿ ಗುಮಾಸ್ತ! ನಮ್ಮ ಹಾಗೆ ಕಡತ ಹೊತ್ತು, ಬಿಡುವಿನಲ್ಲಿ ಆಕಾಶ ನೋಡುತ್ತಿದ್ದವನು. (ನಮ್ಮಲ್ಲಿ ಬಿ.ಎಸ್ಸಿ. ಮಾಡಿ ಕಚೇರಿ ಸೇರಿದವರು ಬಿಡುವಿನಲ್ಲಿ ಏನು ನೋಡುತ್ತೇವೆಂದು ಇಲ್ಲಿ ಬರೆಯುವುದು ಬೇಡ.) ಆ ವರ್ಷ ಅಕ್ಟೋಬರ್ 20ರಂದು, ಗ್ರಹಣದ ಸಹಾಯವಿಲ್ಲದೆಯೇ, ಇಂಗ್ಲೆಂಡಿನ ಹಗಲು ಬಿಸಿಲಿನಲ್ಲಿ ಆತ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ಒಡೆದು ನೋಡಿದ. ಅಲ್ಲಿದ್ದ ಹಳದಿ ಗೆರೆ ಸೋಡಿಯಮ್ಮಿನ ಜೋಡಿ ಗೆರೆಗಳ ಪಕ್ಕದಲ್ಲಿತ್ತೇ ಹೊರತು ಅವುಗಳ ಮೇಲೆ ಕೂಡುತ್ತಿರಲಿಲ್ಲ. ಸೋಡಿಯಮ್ಮಿನದು 589.0 ಮತ್ತು 589.6 ನ್ಯಾನೊಮೀಟರ್, ಇದು 587.6. ಅಷ್ಟೇ ಅಂತರದಿಂದ ಒಂದು ಹೊಸ ಮೂಲವಸ್ತುವಿನ ಸುಳಿವು ಸಿಕ್ಕಿತು. ಗ್ರಹಣವಿಲ್ಲದೆ ಜ್ವಾಲೆಗಳನ್ನು ನೋಡುವ ಉಪಾಯವನ್ನು ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ಗ್ರಹಣದ ಮರುದಿನವೇ ಸಾಧಿಸಿದ್ದ. ಇಬ್ಬರ ಸುದ್ದಿಯೂ ಪ್ಯಾರಿಸ್ ಅಕಾಡೆಮಿಗೆ ಒಂದೇ ದಿನ ಮುಟ್ಟಿದ್ದು ಪ್ರಸಿದ್ಧ ಕಥೆ.

ಹಾಗಾದರೆ ಕಟ್ಟೆಗಳು ಸುಳ್ಳೇ? ಅಲ್ಲ. 1898ರ ಜನವರಿ 22ರಂದು ಮತ್ತೊಂದು ಖಗ್ರಾಸ ಗ್ರಹಣದ ನೆರಳು ಕೊಂಕಣವನ್ನು ಹಾದುಹೋಯಿತು. ಆಗ ಲಾಕಿಯರ್ ನಿಜವಾಗಿಯೂ ವಿಜಯದುರ್ಗಕ್ಕೆ ಬಂದ. ಅಷ್ಟರಲ್ಲಿ ಆತ ‘ಸರ್’ ಪದವಿ ಪಡೆದಿದ್ದ; 1895ರಲ್ಲಿ ರ‍್ಯಾಮ್ಸೆ ಎಂಬ ರಸಾಯನಶಾಸ್ತ್ರಜ್ಞನು ಭೂಮಿಯ ಖನಿಜದಿಂದಲೇ ಹೀಲಿಯಂ ಹೊರತೆಗೆದು, ಆತನ ಮಾತನ್ನು ನಂಬದಿದ್ದವರ ಬಾಯಿ ಮುಚ್ಚಿಸಿಯೂ ಆಗಿತ್ತು. ‘ಮೆಲ್ಪೊಮೀನ್’ ಎಂಬ ಯುದ್ಧನೌಕೆ ಬಂದರಿನಲ್ಲಿ ಲಂಗರು ಹಾಕಿತು. ಅದರ ನಾವಿಕರಿಗೆ ದುರ್ಬೀನು, ಕ್ಯಾಮರಾಗಳ ಕೆಲಸವನ್ನು ಕಲಿಸಿ, ಕವಾಯತು ಮಾಡಿಸಿ ಅಣಿಗೊಳಿಸಲಾಯಿತು. ಇಷ್ಟು ಸನ್ನಾಹವೆಲ್ಲ ಎರಡು ನಿಮಿಷದಷ್ಟು ಕತ್ತಲೆಗಾಗಿ! ಅದೇ ಗ್ರಹಣವನ್ನು ಪುಣೆಯ ಕಾಲೇಜ್ ಆಫ್ ಸೈನ್ಸಿನ ಪ್ರಾಧ್ಯಾಪಕ ಕಾವಸಜಿ ನಾಯಗಾಂವಾಲಾ ಅವರು ಸೋಲಾಪುರದ ಕಡೆಯ ಜೇವೂರಿನಲ್ಲಿ ಅಭ್ಯಾಸ ಮಾಡಿದರು. ಅವರ ಹೆಸರಿನ ಕಟ್ಟೆಯ ಮಾತನ್ನು ನಾವಂತೂ ಕೇಳಿಲ್ಲ.

ಕನ್ನಡಿಗರಾದ ನಮಗೆ ಇಲ್ಲಿ ಇನ್ನೂ ಹತ್ತಿರದ ಸಂಗತಿಯೊಂದಿದೆ. 1868ರ ನೆರಳು ಕೊಂಕಣದಿಂದ ಘಟ್ಟ ಹತ್ತಿ ಜಮಖಂಡಿ, ವಿಜಾಪುರಗಳ ಮೇಲಿಂದ ಗುಂಟೂರು, ಮಚಲೀಪಟ್ಟಣದ ಕಡೆಗೆ ಸಾಗಿತ್ತು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ, ಲೆಫ್ಟಿನೆಂಟ್ ಜಾನ್ ಹರ್ಷೆಲ್, ರಾಯಲ್ ಸೊಸೈಟಿಯ ಉಪಕರಣಗಳೊಡನೆ ಜಮಖಂಡಿಯಲ್ಲಿ ಕಾದು ಕುಳಿತಿದ್ದ. ಆಗಸ್ಟ್ ತಿಂಗಳು, ಮೋಡ ಬಿಡಬೇಕಲ್ಲ! ಮೋಡಗಳ ಸಂದಿನಲ್ಲಿ ಸಿಕ್ಕ ಕೆಲವೇ ಗಳಿಗೆಗಳಲ್ಲಿ ಆತನಿಗೆ ಮೂರು ಗೆರೆ ಕಂಡವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ನಡುವಿನದನ್ನು ಆತ ಸೋಡಿಯಮ್ಮಿನ ಗೆರೆಯೆಂದೇ ಬರೆದುಕೊಂಡ. ಅದೇ ಹೀಲಿಯಂ. ಕಂಡದ್ದು ಕನ್ನಡದ ನೆಲದ ಮೇಲೆ, ಹೆಸರು ಹತ್ತಲಿಲ್ಲ ಅಷ್ಟೇ. ಆ ಅವಸರದಲ್ಲಿ ಒಂದೂವರೆ ನ್ಯಾನೊಮೀಟರ್ ಅಂತರ ಕಾಣದೆ ಹೋದದ್ದಕ್ಕೆ ಆತನನ್ನು ದೂರುವವರು ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಿಂತು ಸೋಡಿಯಂ ದೀಪ ನೋಡಿದವರಲ್ಲ.

ಕಟ್ಟೆಯ ಬಳಿ ಬಂದ ಶಾಲೆಯ ಹುಡುಗರಿಗೆ ನಮ್ಮ ಗುಂಪಿನವರೊಬ್ಬರು ಮುರುಕು ಮರಾಠಿಯಲ್ಲಿ ಈ 1898ರ ಕಥೆಯನ್ನು ಹೇಳಿದರು. ಹುಡುಗರಿಗೆ ಬೇಸರವೇನೂ ಆಗಲಿಲ್ಲ. ಯುದ್ಧನೌಕೆ ಎಲ್ಲಿ ನಿಂತಿತ್ತೆಂಬುದೇ ಅವರ ಪ್ರಶ್ನೆ. ಬುರುಜಿನ ಮೇಲಿಂದ ಒಬ್ಬೊಬ್ಬನೂ ಒಂದೊಂದು ಕಡೆ ಬೆರಳು ತೋರಿಸಿದ.

ಹೋಗಬಯಸುವ ಸದಸ್ಯರಿಗೆ ಒಂದು ಮಾತು. ಕೊಂಕಣ ರೈಲಿನಲ್ಲಿ ರಾಜಾಪುರ ರೋಡ್ ಅಥವಾ ಕಣಕವಲಿಯಲ್ಲಿ ಇಳಿದು ಮುಂದೆ ರಸ್ತೆಯ ಪ್ರಯಾಣ. ಹೀಲಿಯಂ ದಿನ ಬರುವುದು ಮಳೆಗಾಲದಲ್ಲಿ. ಕೋಟೆಯ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ. ಲಾಕಿಯರ್ ಬಂದದ್ದು ಜನವರಿಯಲ್ಲಿ. ಸಮುದ್ರ ಶಾಂತವಾಗಿರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ; ಆಗ ಹೋಗುವುದೇ ಲೇಸು.