ಲಾಟನ್ ನಟಿಸಿ ಅನುವಾದಿಸಿದ ‘ಗೆಲಿಲಿಯೋ’

1944ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಕಡಲಂಚಿನ ಮನೆಯೊಂದರಲ್ಲಿ ವಿಚಿತ್ರವಾದ ಅನುವಾದವೊಂದು ಶುರುವಾಯಿತು. ಮೂಲ ನಾಟಕ ಜರ್ಮನ್ ಭಾಷೆಯದು. ಅದನ್ನು ಇಂಗ್ಲಿಷಿಗೆ ತರಲು ಕುಳಿತ ನಟನಿಗೆ ಜರ್ಮನ್ ಬಾರದು. ಎದುರಿಗಿದ್ದ ನಾಟಕಕಾರನ ಇಂಗ್ಲಿಷು ಅಷ್ಟಕ್ಕಷ್ಟೆ. ನಟ, ಆ ಮನೆಯ ಯಜಮಾನ ಚಾರ್ಲ್ಸ್ ಲಾಟನ್. ನಾಟಕಕಾರ, ಹಿಟ್ಲರನ ಜರ್ಮನಿ ಬಿಟ್ಟು ದೇಶದಿಂದ ದೇಶಕ್ಕೆ ಅಲೆದು ಬಂದಿದ್ದ ಬರ್ಟೋಲ್ಟ್ ಬ್ರೆಕ್ಟ್.

ಲಾಟನ್ ಹುಟ್ಟಿದ್ದು 1899ರಲ್ಲಿ, ಇಂಗ್ಲೆಂಡಿನ ಸ್ಕಾರ್ಬರೋ ಎಂಬ ಕಡಲತಡಿಯ ಊರಿನಲ್ಲಿ. ಮನೆಯವರದು ಹೋಟೆಲ್ ವ್ಯವಹಾರ. ಮೊದಲ ಮಹಾಯುದ್ಧಕ್ಕೆ ಸೈನಿಕನಾಗಿ ಹೋಗಿ, ವಿಷಾನಿಲಕ್ಕೆ ಸಿಕ್ಕಿ ಮರಳಿದ. ಹೋಟೆಲ್ ಕೆಲಸ ಬಿಟ್ಟು 1925ರಲ್ಲಿ ಲಂಡನ್ನಿನ ನಟನಾ ಶಾಲೆ ಸೇರಿದ. ದಪ್ಪ ಮೈ, ಊದಿಕೊಂಡ ಮುಖ. ನಾಯಕನ ಚೆಲುವು ತನಗಿಲ್ಲವೆಂಬ ಕೊರಗು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಆ ಮೈಯನ್ನೇ ಬಂಡವಾಳ ಮಾಡಿಕೊಂಡ. 1933ರ ಚಿತ್ರದ ಎಂಟನೆಯ ಹೆನ್ರಿಯ ಪಾತ್ರ ಅವನಿಗೆ ಆಸ್ಕರ್ ತಂದಿತು. ಅದೇ ವರ್ಷ ಸಿನಿಮಾದ ದುಡ್ಡು ಬದಿಗಿಟ್ಟು ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರ್, ಚೆಕಾಫರ ಪಾತ್ರಗಳಿಗೆ ಇಳಿದ. 1939ರಲ್ಲಿ ನೋತ್ರ್ ದಾಮ್‌ನ ಗೂನನಾದ.

ಬ್ರೆಕ್ಟ್ ಹಿಡಿದದ್ದು ಈ ಮೈಯನ್ನೇ. ಲಾಟನ್ನನ ಹೊಟ್ಟೆಯ ಮೇಲೆ ಅವನು ಒಂದು ಕವಿತೆಯನ್ನೂ ಬರೆದ! ಅವನ ಗೆಲಿಲಿಯೋ ಸಂತನಲ್ಲ. ಊಟವನ್ನು ಪ್ರೀತಿಸುವಷ್ಟೇ ಆಸೆಯಿಂದ ವಿಚಾರವನ್ನೂ ಪ್ರೀತಿಸುವವನು, ನೋವಿಗೆ ಹೆದರುವವನು. ಬ್ರೆಕ್ಟ್ ತನ್ನ ಹರಕು ಇಂಗ್ಲಿಷಿನಲ್ಲೋ ಜರ್ಮನ್ನಿನಲ್ಲೋ ಮಾತನ್ನು ಅಭಿನಯಿಸಿ ತೋರಿಸುವನು. ಲಾಟನ್ ಅದನ್ನೇ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಆಡಿ ನೋಡುವನು. ನಿಲುವು, ದನಿ ಸರಿಹೊಂದಿದಾಗ ಆ ವಾಕ್ಯವನ್ನು ಬರೆದುಕೊಳ್ಳುವನು. ಅನುವಾದಕ್ಕೆ ನಿಘಂಟಿಗಿಂತ ನಟನೆಯೇ ಹೆಚ್ಚು ಆಧಾರವಾಯಿತು.

ಕೆಲಸ ನಡೆದಿರುವಾಗಲೇ, 1945ರ ಆಗಸ್ಟಿನಲ್ಲಿ, ಹಿರೋಷಿಮಾದ ಮೇಲೆ ಅಣುಬಾಂಬು ಬಿತ್ತು. ನಾಟಕದ ಅರ್ಥವೇ ಬದಲಾಯಿತು. ಮೊದಲ ರೂಪದಲ್ಲಿ ಮತಾಧಿಕಾರಿಗಳೆದುರು ತನ್ನ ಮಾತನ್ನು ಹಿಂತೆಗೆದುಕೊಂಡ ಗೆಲಿಲಿಯೋನಲ್ಲಿ ಒಬ್ಬ ಜಾಣನಿದ್ದ: ಸೋತಂತೆ ನಟಿಸಿ, ಗುಟ್ಟಾಗಿ ಗ್ರಂಥ ಬರೆದು ಮುಗಿಸಿದವನು. ಈಗ ಅವನು ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಳ್ಳಬೇಕಾಯಿತು. ಅರಿವನ್ನು ಅಧಿಕಾರದ ಕೈಗೆ ಒಪ್ಪಿಸಿದ ವಿಜ್ಞಾನಿಗೆ ಕ್ಷಮೆಯಿಲ್ಲ. ಪ್ರೇಕ್ಷಕರ ಮರುಕ ಗಿಟ್ಟಿಸುವುದು ಬಲ್ಲ ನಟ, ಮರುಕ ಬೇಡದ ಪಾತ್ರವನ್ನು ಒಪ್ಪಿಕೊಂಡ.

1947ರ ಜುಲೈ 30ರಂದು ಲಾಸ್ ಏಂಜಲೀಸ್‌ನ ಪುಟ್ಟ ಕಾರೊನೆಟ್ ರಂಗಮಂದಿರದಲ್ಲಿ, ಜೋಸೆಫ್ ಲೋಸಿಯ ನಿರ್ದೇಶನದಲ್ಲಿ ನಾಟಕ ರಂಗಕ್ಕೆ ಬಂತು. ಮೂರು ತಿಂಗಳಲ್ಲಿ ಬ್ರೆಕ್ಟನಿಗೇ ವಿಚಾರಣೆ! ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸದೀಯ ಸಮಿತಿಯೆದುರು ಅಕ್ಟೋಬರ್ 30ರಂದು ಅವನು ಜಾಣತನದ ಉತ್ತರ ಕೊಟ್ಟು, ಮರುದಿನವೇ ಯುರೋಪಿಗೆ ಹೊರಟ. ತಾವು ತಿದ್ದಿ ಬರೆದ ಪ್ರಶ್ನೆಯನ್ನೇ ಅವರು ಬದುಕಬೇಕಾಗಿ ಬಂದಿತ್ತು. ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ನಾಟಕವಾದಾಗ ಲಾಟನ್ ರಂಗದ ಮೇಲಿದ್ದ, ಬ್ರೆಕ್ಟ್ ದೇಶದಲ್ಲಿರಲಿಲ್ಲ.

ಮುಂದೆ ಲಾಟನ್ ‘ದಿ ನೈಟ್ ಆಫ್ ದಿ ಹಂಟರ್’ (1955) ಚಿತ್ರವನ್ನು ನಿರ್ದೇಶಿಸಿದ. ಇಂದು ಮೇರುಕೃತಿ ಎನಿಸಿಕೊಳ್ಳುವ ಅದು ಆಗ ಸೋತಿತು. ಮತ್ತೆ ಅವನು ಚಿತ್ರ ನಿರ್ದೇಶಿಸಲಿಲ್ಲ. 1959ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ಲಿಯರ್ ದೊರೆಯಾದ; 1962ರ ಡಿಸೆಂಬರ್ 15ರಂದು ತೀರಿಕೊಂಡ. ಸಿನಿಮಾಗಳಲ್ಲಿ ಅವನ ಮುಖ ಉಳಿದಿದೆ. ಆ ಇಂಗ್ಲಿಷ್ ‘ಗೆಲಿಲಿಯೋ’ವನ್ನು ಗಟ್ಟಿಯಾಗಿ ಓದಿದರೆ ವಾಕ್ಯಗಳ ಏರಿಳಿತದಲ್ಲಿ ಅವನ ಉಸಿರೂ ಸಿಗುತ್ತದೆ.