ಮಿಷನ್ ಶಾಲೆಯಲ್ಲಿ ಹುಟ್ಟಿದ ಓದಿನ ರುಚಿ

1834ರ ಅಕ್ಟೋಬರ್ 30ರಂದು ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಮುಟ್ಟಿದರು. ಅವರನ್ನು ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ್ದ ಬಾಸೆಲ್ ಮಿಷನ್. ಬಂದ ಉದ್ದೇಶ ಕ್ರೈಸ್ತ ಧರ್ಮದ ಪ್ರಚಾರ. ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ. 1836ರಲ್ಲಿ ಕನ್ನಡ ಶಾಲೆ, 1838ರಲ್ಲಿ ಇಂಗ್ಲಿಷ್ ಶಾಲೆ ಶುರುವಾದವು. ಆದರೆ ಇವತ್ತು ಸಾಮಾನ್ಯ ಕನ್ನಡಿಗರ ನಾಲಗೆಯ ಮೇಲೆ ಈ ಮಿಷನ್ನಿನ ಹೆಸರು ಬರುವುದು ಬೇರೆ ಕಾರಣಗಳಿಗೆ: ಕನ್ನಡದ ಮೊದಲ ಪತ್ರಿಕೆ, ಕಿಟೆಲ್ ನಿಘಂಟು, ಅಚ್ಚಾಗಿ ಉಳಿದ ಹಳೆಯ ಕಾವ್ಯಗಳು. ಶಾಲೆ, ದೇವಾಲಯ, ಅಚ್ಚುಕೂಟ ಮೂರನ್ನೂ ಸುತ್ತುವರಿದು ಬೆಳೆದ ಆ ಪುಟ್ಟ ಸಮುದಾಯಕ್ಕೆ ಓದಿನ ಗೀಳು ಹಿಡಿದದ್ದು ಹೇಗೆ? ಕಲಿಸಲು ಬಂದವರು ಊರಿನವರ ಮುಂದೆ ಶಿಷ್ಯರಾಗಿ ಕೂತರಲ್ಲ, ಗುಟ್ಟು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಓದು ಬಾರದವನಿಗೆ ಸಭೆಯಲ್ಲಿ ಅರ್ಧ ಪಾಲು

ಈ ಮಿಷನರಿಗಳಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಅಲ್ಲಿ ಬೇರೂರಿದ್ದ ಪೈಟಿಸಂ ಎಂಬ ಭಕ್ತಿಪಂಥ ಪುರೋಹಿತರು ಹೇಳಿದ್ದನ್ನು ಕೇಳಿ ಮನೆಗೆ ಹೋಗುವುದಷ್ಟೇ ಸಾಲದು ಎನ್ನುತ್ತಿತ್ತು. ರೈತನಾಗಲಿ ನೇಕಾರನಾಗಲಿ, ಬೈಬಲನ್ನು ತಾನೇ ತೆರೆದು ಓದಬೇಕು, ಓದಿದ್ದನ್ನು ಮನೆಮಂದಿಯ ಜೊತೆ ಕೂತು ಮಾತಾಡಬೇಕು. ಹೀಗಾಗಿ ಅವರಿಗೆ ಅಕ್ಷರವೆಂದರೆ ನೌಕರಿಯ ದಾರಿಗಿಂತ ಮೊದಲು ದೇವರ ದಾರಿ. ಕ್ರೈಸ್ತ ಸಭೆ ಎಲ್ಲಿ ಹುಟ್ಟಿತೋ ಅಲ್ಲಿ ಪಕ್ಕದಲ್ಲೇ ಶಾಲೆ ಎದ್ದದ್ದು ಇದರಿಂದ. ಹುಡುಗಿಯರನ್ನೂ ಬಿಡುವಂತಿರಲಿಲ್ಲ, ಮಿಷನರಿಗಳ ಪತ್ನಿಯರು ಬಾಲಕಿಯರನ್ನು ಕೂರಿಸಿಕೊಂಡು ಓದು, ಬರಹ, ಹೊಲಿಗೆ ಕಲಿಸಿದರು. ತಾಯಿ ಓದಬಲ್ಲವಳಾದರೆ ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಮನೆಯಲ್ಲಿ ಪುಸ್ತಕ ತೆರೆಯುತ್ತದೆ ಎಂಬ ಲೆಕ್ಕ ಸರಳವಾದದ್ದು, ಸರಿಯಾದದ್ದು.

ಹಾಡು ಇದರ ಇನ್ನೊಂದು ತುದಿ. ಭಾನುವಾರದ ಆರಾಧನೆಯಲ್ಲಿ ಗೀತೆಗಳ ಪುಸ್ತಕವನ್ನು ಕೈಯಲ್ಲಿ ಹಿಡಿದು ಹಾಡಬೇಕು. ಬಾಯಿಗೆ ಬಂದ ಸಾಲು, ಕಣ್ಣೆದುರಿನ ಸಾಲು ಎರಡೂ ಒಂದೇ ಎಂದು ಮಗುವಿಗೆ ಹೊಳೆಯುವ ಆ ಗಳಿಗೆ ಎಷ್ಟೋ ಪಾಠಗಳಿಗಿಂತ ದೊಡ್ಡದು.

ಐಗಳ ಮಠದ ಪಕ್ಕದಲ್ಲಿ

ಮಿಷನ್ ಬರುವ ಮುಂಚೆ ನಮ್ಮ ಊರುಗಳಲ್ಲಿ ಕಲಿಕೆಯೇ ಇರಲಿಲ್ಲ ಎಂದರೆ ಅದು ಅನ್ಯಾಯ. ಐಗಳ ಮಠಗಳಿದ್ದವು. ಮರಳ ಮೇಲೆ ಬೆರಳಿಂದ ಅಕ್ಷರ ತಿದ್ದುವುದು, ಮಗ್ಗಿ ಉರು ಹೊಡೆಯುವುದು, ಅಮರಕೋಶ, ಜೈಮಿನಿ ಭಾರತ ಬಾಯಿಪಾಠ ಮಾಡುವುದು ಅಲ್ಲಿನ ಕ್ರಮ. ನೆನಪಿನ ಶಕ್ತಿಯನ್ನು ಅದು ಬೆಳೆಸಿದಂತೆ ಬೇರೆ ಯಾವುದೂ ಬೆಳೆಸಲಿಲ್ಲ. ಆದರೆ ಅಲ್ಲಿ ಕೂರಲು ಅವಕಾಶವಿದ್ದವರು ಕೆಲವರು ಮಾತ್ರ, ಮತ್ತು ಓಲೆಗರಿಯ ಕಟ್ಟು ಪ್ರತಿ ಮನೆಗೂ ಸಿಗುವ ವಸ್ತುವಲ್ಲ. ಮಿಷನ್ ಶಾಲೆ ತಂದದ್ದು ಭೂಗೋಳ, ಗಣಿತ, ಚರಿತ್ರೆಯಂಥ ಹೊಸ ವಿಷಯಗಳನ್ನು, ಅದಕ್ಕಿಂತ ಮುಖ್ಯವಾಗಿ ಮನೆಗೆ ಒಯ್ಯಬಹುದಾದ ಅಗ್ಗದ ಪುಸ್ತಕವನ್ನು.

ಕಲ್ಲಿನ ಮೇಲೆ ಕನ್ನಡ

1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಯಂತ್ರ ಕೂತಿತು. ಕಲ್ಲಚ್ಚಿನ ವಿಧಾನ ಕನ್ನಡಕ್ಕೆ ಹೇಳಿ ಮಾಡಿಸಿದಂತಿತ್ತು. ಜಿಡ್ಡಿನ ಶಾಯಿಯಲ್ಲಿ ಬರೆದ ಬರಹವನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ, ಶಾಯಿ ಬರಹಕ್ಕೆ ಮಾತ್ರ ಅಂಟುತ್ತದೆ, ನೀರಿರುವ ಕಡೆ ನಿಲ್ಲುವುದಿಲ್ಲ. ನೂರಾರು ಒತ್ತಕ್ಷರಗಳಿಗೆ ಮೊಳೆ ಎರಕ ಹೊಯ್ಯುವ ತಾಪತ್ರಯವಿಲ್ಲ. ಚೆನ್ನಾಗಿ ಬರೆಯಬಲ್ಲ ಒಬ್ಬ ಲಿಪಿಕಾರ ಇದ್ದರೆ ಪುಸ್ತಕ ಸಿದ್ಧ. ಓದುಗನ ಕೈಗೆ ಬಂದದ್ದು ಅಚ್ಚಾದ ಕೈಬರಹ. ಓಲೆಗರಿಗೆ ಒಗ್ಗಿದ ಕಣ್ಣಿಗೆ ಅದು ಪರಕೀಯ ಅನ್ನಿಸಿರಲಾರದು.

ಈ ಯಂತ್ರದಿಂದಲೇ 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಈ ಪತ್ರಿಕೆಯಲ್ಲಿ ಊರ ಸುದ್ದಿ, ಸರ್ಕಾರದ ಕಟ್ಟಳೆ, ಕತೆ, ಗಾದೆ, ಹಾಡು ಎಲ್ಲ ಇದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ‘ಮಂಗಳೂರು ಸಮಾಚಾರ’ ಹುಟ್ಟಿದ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಶಾಲೆಯಲ್ಲಿ ಕಲಿತ ಅಕ್ಷರ ಶಾಲೆಯ ಹೊರಗೆ ಕೆಲಸಕ್ಕೆ ಬರಬೇಕಲ್ಲ! ಓದಲು ಏನೂ ಸಿಗದ ಊರಿನಲ್ಲಿ ಓದು ಕಲಿತವನು ಎರಡು ವರ್ಷದಲ್ಲಿ ಮರೆಯುತ್ತಾನೆ. ಅಚ್ಚುಕೂಟ ಆ ಮರೆವನ್ನು ತಡೆಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಸಿದ್ಧಪಡಿಸಿದ ಪದ್ಯಪುಸ್ತಕಗಳು ಬಂದದ್ದೂ ಬಾಸೆಲ್ ಮಿಷನ್ನಿನ ಪ್ರಕಟಣೆಯಾಗಿ.

ಕಲಿಸಲು ಬಂದವರ ಕಲಿಕೆ

ಮೊಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು; 1836ರಲ್ಲಿ ಮಂಗಳೂರಿಗೆ ಬಂದರು. ಉಪದೇಶಿಗಳನ್ನೂ ಶಿಕ್ಷಕರನ್ನೂ ತಯಾರು ಮಾಡಲು ಅವರು ಕಟ್ಟಿದ ಸೆಮಿನರಿ 1847ರಲ್ಲಿ ಬಲ್ಮಠದ ಗುಡ್ಡದ ಮೇಲೆ ನೆಲೆಯಾಯಿತು. ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಮೂಲ ಅದೇ. ಕಲಿಸುವವರೂ ಕಲಿಯುವವರೂ ಒಂದೇ ಆವರಣದಲ್ಲಿ ಬಾಳುವ ವ್ಯವಸ್ಥೆ. ಗುರು ದೀಪದ ಮುಂದೆ ಕೂತು ಓಲೆಗರಿಯ ಜೊತೆ ಗುದ್ದಾಡುವುದನ್ನು ಅಂಥ ಆವರಣದ ಹುಡುಗ ದಿನವೂ ಕಾಣುತ್ತಾನೆ. ಪಠ್ಯಪುಸ್ತಕದಲ್ಲಿ ಅದನ್ನು ಅಚ್ಚು ಹಾಕಲು ಆಗುವುದಿಲ್ಲ.

ಮೊಗ್ಲಿಂಗ್ ಅವರ ಕೈಗೆ ಹತ್ತಿದ್ದು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯ ಸಾಹಸ. 1848ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಮೊದಲಾದವು ಆ ಮಾಲೆಯಲ್ಲಿ ಬಂದವು. ಖರ್ಚಿಗೆ ಒದಗಿದವರು ಮದ್ರಾಸ್ ಸರ್ಕಾರದ ಸೇವೆಯಲ್ಲಿದ್ದ ಕ್ಯಾಸಮೇಜರ್. ಬೈಬಲ್ ಹಂಚಲು ಬಂದವರು ಬಸವಪುರಾಣವನ್ನು ಅಚ್ಚು ಹಾಕಿದರು ಎನ್ನುವುದನ್ನು ನಾವು ಅಭ್ಯಾಸಬಲದಿಂದ ಸರಕ್ಕನೆ ಓದಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಲ್ಲಬೇಕು. ಕನ್ನಡ ಜನರ ಮನಸ್ಸನ್ನು ಮುಟ್ಟಲು ಅವರ ಕಾವ್ಯವನ್ನು ತಿಳಿಯಬೇಕೆಂಬ ಉಪಾಯದಿಂದ ಈ ಕೆಲಸ ಮೊದಲಾಗಿರಬಹುದು. ಆದರೆ ಉಪಾಯಕ್ಕಾಗಿ ಯಾರೂ ಇಷ್ಟು ಹೊರೆ ಹೊರುವುದಿಲ್ಲ. ಎಲ್ಲೋ ನಡುವೆ ಪ್ರೀತಿ ಹುಟ್ಟಿರಬೇಕು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೊಗ್ಲಿಂಗ್ ಅವರ ಕನ್ನಡ ಸೇವೆಗಾಗಿ ಗೌರವ ಡಾಕ್ಟರೇಟ್ ಕೊಟ್ಟಿತು.

ಆ ಪ್ರೀತಿ ಎಲ್ಲೆ ಮೀರಿ ಹರಿದದ್ದು ಫರ್ಡಿನಾಂಡ್ ಕಿಟೆಲ್ ಅವರಲ್ಲಿ. 1832ರಲ್ಲಿ ಉತ್ತರ ಜರ್ಮನಿಯ ಕಡಲಂಚಿನಲ್ಲಿ ಹುಟ್ಟಿದ ಅವರು 1853ರಲ್ಲಿ ಇಲ್ಲಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದರು. ಯೇಸುವಿನ ಕತೆಯನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ಯಾಗಿ 1862ರಲ್ಲಿ ಕಟ್ಟಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಆ ನಿಘಂಟನ್ನು ಸುಮ್ಮನೆ ಒಂದು ಪುಟ ತೆರೆದು ಓದಬೇಕು. ಶಬ್ದಕ್ಕೆ ಅರ್ಥ ಕೊಟ್ಟು ಕೈತೊಳೆದುಕೊಳ್ಳದೆ, ಕಾವ್ಯದ ಬಳಕೆಯ ಪಕ್ಕದಲ್ಲೇ ಜನರ ಬಾಯಲ್ಲಿದ್ದ ಗಾದೆಯನ್ನೂ ಇಟ್ಟಿದ್ದಾರೆ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಲ್ಲಿ ಆಧಾರಗಳಾಗಿ ಬರುತ್ತವೆ. ಮೊಗ್ಲಿಂಗ್ ಹಾಕಿದ ಗಿಡದ ಹಣ್ಣನ್ನು ಕಿಟೆಲ್ ಕೊಯ್ದರು ಎನ್ನಬಹುದು. ಊರ ಪಂಡಿತರ ನೆರವಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ. ಅರ್ಥಕ್ಕಾಗಿ ಕಿಟೆಲ್ ಬಾಗಿದ್ದು ಅವರ ಮುಂದೆಯೇ.

ಶಾಲೆ ಬರಿದಾದ ವರ್ಷ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚಿತ್ರ ಸುಳ್ಳಾಗುತ್ತದೆ. 1844ರಲ್ಲಿ ಮಂಗಳೂರಿನ ಇಂಗ್ಲಿಷ್ ಶಾಲೆಯ ಬಳಗದ ಆನಂದರಾವ್ ಕೌಂಡಿನ್ಯ ಮತ್ತು ಜೊತೆಗಾರರು ದೀಕ್ಷಾಸ್ನಾನ ಪಡೆದಾಗ ಊರಲ್ಲಿ ದೊಡ್ಡ ಗದ್ದಲವೆದ್ದಿತು, ಹೆತ್ತವರು ಮಕ್ಕಳನ್ನು ಶಾಲೆ ಬಿಡಿಸಿದರು. ಮಗ ಮನೆಯಿಂದ ದೂರವಾಗುವ ಭಯ ಸಣ್ಣದಲ್ಲ; ಆ ತಾಯಿತಂದೆಯರ ಸಂಕಟವನ್ನು ಇವತ್ತು ಕೂತು ತೂಗಿ ನೋಡುವುದು ಸುಲಭ, ಅಂದು ಅನುಭವಿಸಿದವರಿಗೆ ಹಾಗಿರಲಿಲ್ಲ. ಕೌಂಡಿನ್ಯ ಮುಂದೆ ಬಾಸೆಲಿಗೆ ಹೋಗಿ ತರಬೇತಿ ಪಡೆದು, ಅದೇ ಮಿಷನ್ನಿನಲ್ಲಿ ಬೋಧಕರಾಗಿ ಮರಳಿದರು.

ಜಾತಿಯ ಪ್ರಶ್ನೆಯೂ ಅಷ್ಟೇ ಕಠಿಣ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ ಮಹಾರ ಹುಡುಗನೊಬ್ಬನಿಗೆ ಬಾಗಿಲು ತೆರೆಯಲಿಲ್ಲ; ಆ ಪ್ರಕರಣ ಲಂಡನ್ನಿನ ತನಕ ಹೋಯಿತು. ಅಂಥ ಕಾಲದಲ್ಲಿ ಮಿಷನ್ ಶಾಲೆಯ ಬೆಂಚು ಎಲ್ಲರಿಗೂ ಒಂದೇ ಎನ್ನುವುದು ಬರೀ ಉಪದೇಶದ ಮಾತಾಗಿರಲಿಲ್ಲ. ಮಿಷನ್ ಶಾಲೆಗಳ ಜೊತೆಗಿನ ಪೈಪೋಟಿಯಿಂದಲೂ ಒಳ್ಳೆಯದೇ ಆಯಿತು: ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲ್ ಕಟ್ಟಿದರು, ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಒಂದೇ ಊರಿನಲ್ಲಿ ಇಷ್ಟು ಜನ ಶಾಲೆಯ ಬಗ್ಗೆ ತಲೆ ಕೆಡಿಸಿಕೊಂಡದ್ದರ ಫಲವನ್ನು ದಕ್ಷಿಣ ಕನ್ನಡ ಇಂದಿಗೂ ಉಣ್ಣುತ್ತಿದೆ.

ಕೈಕೆಲಸ

ಮಗ್ಗ, ಹಂಚಿನ ಕಾರ್ಖಾನೆ, ಪುಸ್ತಕ ಕಟ್ಟುವ ಮನೆ ಈ ಸಮುದಾಯದ ಇನ್ನೊಂದು ಮುಖ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ ಒಂದು ಉದ್ಯಮವನ್ನೇ ಹುಟ್ಟಿಸಿತು. ಕೆಲಸಗಾರರ ಮಕ್ಕಳು ಓದಿದ್ದು ಮಿಷನ್ ಶಾಲೆಗಳಲ್ಲಿ. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಶತ್ರುದೇಶದವರಾಗಿ ಹೊರಟುಹೋದ ಮೇಲೆ ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಶಾಲೆಗಳನ್ನು ನಮ್ಮವರೇ ನಡೆಸಿಕೊಂಡು ಬಂದರು.

ಉತ್ತಂಗಿ ಚನ್ನಪ್ಪ

ಈ ಕಲಿಕೆಯ ಪೂರ್ಣ ಫಲ ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರನ್ನು. ಲಿಂಗಾಯತ ಮೂಲದ ಕ್ರೈಸ್ತ ಮನೆತನ. ಮಂಗಳೂರಿನ ಸೆಮಿನರಿಯಲ್ಲಿ ಓದು. 1908ರಿಂದ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಪಾದ್ರಿ. ಹಳ್ಳಿಹಳ್ಳಿ ಸುತ್ತುವ ಆ ಉದ್ಯೋಗದಲ್ಲೇ ಅವರು ಒಕ್ಕಲಿಗರ, ತಿರುಕರ ಬಾಯಲ್ಲಿ ಬದುಕಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು, ಓಲೆಗರಿಗಳನ್ನು ಹುಡುಕಿದರು, ಪಾಠ ಹೋಲಿಸಿದರು. ಸುಮಾರು 2,000 ವಚನಗಳ ‘ಸರ್ವಜ್ಞನ ವಚನಗಳು’ 1924ರಲ್ಲಿ ಹೊರಬಂತು. ಜನ ಅವರನ್ನು ತಿರುಳ್ಗನ್ನಡದ ತಿರುಕ ಎಂದು ಕರೆದರು.

ಈ ಪುಸ್ತಕಕ್ಕಿಂತ ಒಂದು ವರ್ಷ ಮುಂಚೆ, ಶರಣರ ವಚನಗಳನ್ನು ಕೂಡಿಸಿದ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಬಂದಿತ್ತು. ಅದರ ಹಸ್ತಪ್ರತಿ ಮೊದಲು ಹೋಗಿದ್ದು ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟಕ್ಕೆ, ಅಲ್ಲಿಂದ ಅದು ಅಚ್ಚಾಗದೆ ಹಿಂದಿರುಗಿ ಕೊನೆಗೆ ಬೆಳಗಾವಿಯಲ್ಲಿ ಮುದ್ರಣವಾಯಿತು ಎಂಬ ಸಂಗತಿ ಹಳಕಟ್ಟಿಯವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಬಸವಪುರಾಣ ಅಚ್ಚು ಹಾಕಿದ ಮನೆ ಎಪ್ಪತ್ತು ವರ್ಷಗಳ ನಂತರ ವಚನಗಳಿಗೆ ಕೈಚಾಚಲಿಲ್ಲ. ಅದೇ ಮಿಷನ್ನಿನ ಒಬ್ಬ ಪಾದ್ರಿ ಮಾತ್ರ ವಚನಗಳ ಕಡೆಗೇ ನಡೆದರು. ಸಂಸ್ಥೆ ಸಂಕೋಚಗೊಂಡ ಜಾಗದಲ್ಲಿ ಅದು ಬೆಳೆಸಿದ ವಿದ್ಯಾರ್ಥಿ ಸಂಕೋಚಪಡಲಿಲ್ಲ.

1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ಉರ್ದು ಆಡಳಿತದಲ್ಲಿ ಸೊರಗಿದ್ದ ಆ ಸೀಮೆಯ ಕನ್ನಡಿಗರು ಅಧ್ಯಕ್ಷ ಪೀಠದಲ್ಲಿ ಕಂಡದ್ದು ನಿವೃತ್ತ ಪಾದ್ರಿ ಉತ್ತಂಗಿ ಚನ್ನಪ್ಪನವರನ್ನು. ಎಪ್ಪತ್ತರ ಹೊಸ್ತಿಲಲ್ಲಿದ್ದ ಅವರು ಆಮೇಲೂ ಬರಹ ಬಿಡಲಿಲ್ಲ. ಶರಣ ದಂಪತಿ ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯರ ವಚನಗಳನ್ನು ಸಂಪಾದಿಸಿದರು. ಶರಣರು ಸೇರುತ್ತಿದ್ದರೆನ್ನುವ ಕಲ್ಯಾಣದ ಅನುಭವ ಮಂಟಪ ನಿಜವಾಗಿ ಇತ್ತೋ ಇಲ್ಲವೋ ಎಂಬ ವಾದ ಎದ್ದಾಗ, ಇತ್ತು ಎಂದು ತೋರಿಸಲು ಪುರಾವೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿ ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಪುಸ್ತಕವನ್ನು 1951ರಲ್ಲಿ ಹೊರತಂದರು.