ಮಹಿಳೆಯರಲ್ಲಿ ರಕ್ತಹೀನತೆಯ ಪರೀಕ್ಷೆ
ರಕ್ತಹೀನತೆಯು ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಕಡಿಮೆಯಾಗಿರುವ ಸ್ಥಿತಿ. ಗರ್ಭಿಣಿಯರಲ್ಲದ ವಯಸ್ಕ ಮಹಿಳೆಯರಲ್ಲಿ ಇದು ಪ್ರತಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದು ಪರಿಗಣಿಸಲಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು.

ಚಿಕ್ಕಮಗಳೂರು, ಮೂಡಿಗೆರೆ ಹಾಗೂ ಕಳಸದ ಕಾಫಿ ತೋಟಗಳಲ್ಲಿ ದುಡಿಯುವ ಮಹಿಳೆಯರ ದೀರ್ಘಕಾಲದ ಸುಸ್ತು, ಏದುಸಿರು, ತಲೆಸುತ್ತುಗಳನ್ನು ಕೊಯ್ಲಿನ ದಣಿವೆಂದು ಕಡೆಗಣಿಸುವ ಸಾಧ್ಯತೆಯಿದೆ. ಕಾರಣ ಎಲ್ಲರಲ್ಲಿಯೂ ಒಂದೇ ಅಲ್ಲವಾದ್ದರಿಂದ ಚಿಕಿತ್ಸೆಯನ್ನು ಪರೀಕ್ಷೆಯ ಫಲಿತಾಂಶವೇ ನಿರ್ಧರಿಸಬೇಕು. ಫೆರಿಟಿನ್ ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆಯ ಜೊತೆಗೆ ಅತಿಯಾದ ಮುಟ್ಟಿನ ಸ್ರಾವದ ತಪಾಸಣೆಯೂ, ಮಲಪರೀಕ್ಷೆಯಲ್ಲಿ ಕೊಕ್ಕೆಹುಳು ಕಂಡರೆ ಜಂತುನಾಶಕ ಔಷಧಿಯೂ ಅಗತ್ಯ. ಕಬ್ಬಿಣಾಂಶದ ಕೊರತೆಯಿಲ್ಲದ ಥಲಸ್ಸೇಮಿಯಾ ವಾಹಕರಿಗೆ ಈ ಮಾತ್ರೆಯಿಂದ ಪ್ರಯೋಜನವಿಲ್ಲ. ಊಟದೊಂದಿಗೆ ಕುಡಿಯುವ ಕಾಫಿ, ಚಹಾಗಳು ಕಬ್ಬಿಣಾಂಶದ ಹೀರಿಕೆಯನ್ನು ತಗ್ಗಿಸುತ್ತವೆ.